ನಿಜವಾದ ಡೈಕಿರಿ ಹೇಗಿರಬೇಕು? ಮನೆಯಲ್ಲಿ ಮಾಡಬಹುದಾ?

ಸಂಜೆಗಾಳಿ_ಬೆಂಗಳೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಳೆಯ ಕಾಕ್‌ಟೇಲ್‌ಗಳ ಬಗ್ಗೆ ಚೆನ್ನಾಗಿ ತಿಳಿದವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಹೋದ ತಿಂಗಳು ಇಲ್ಲೇ ಒಂದು ಪಬ್‌ನಲ್ಲಿ ಡೈಕಿರಿ ಹೇಳಿದೆ. ದೊಡ್ಡ ಗ್ಲಾಸ್ ತುಂಬ ಕೆಂಪು ಐಸ್ ಪುಡಿ ಬಂತು, ಮೇಲೆ ಸ್ಟ್ರಾಬೆರಿ ಸಿರಪ್ ಸುರಿದಿದ್ದರು. ಬರೀ ಸಿಹಿ. ರಮ್ ವಾಸನೆ ಇಲ್ಲ, ನಿಂಬೆಯ ಹುಳಿ ಇಲ್ಲ. ಅದಾದ ಮೇಲೆ ಗೋವಾದಲ್ಲಿ ಗೆಳತಿ ಮನೆಯಲ್ಲಿ ಅದೇ ಹೆಸರಿನ ಇನ್ನೊಂದು ಕುಡಿದೆ. ಚಿಕ್ಕ ಕಾಲುಗ್ಲಾಸ್ (ಕೆಳಗೆ ಉದ್ದ ಕಾಲಿರುವ ಗ್ಲಾಸ್), ಎಳನೀರಿಗಿಂತ ಸ್ವಲ್ಪ ಮಬ್ಬು ಬಣ್ಣ, ಮೇಲೆ ತೆಳ್ಳಗೆ ನೊರೆ, ಒಳಗೆ ಒಂದು ಐಸ್ ತುಂಡೂ ಇಲ್ಲ, ಆದರೆ ಹಲ್ಲು ಜುಮ್ ಅನ್ನುವಷ್ಟು ತಣ್ಣಗೆ. ಬಿಳಿ ರಮ್, ನಿಂಬೆರಸ, ಸಕ್ಕರೆ, ಇಷ್ಟೇ ಅಂದಳು. ಇಷ್ಟರಲ್ಲೇ ಅಷ್ಟು ಚೆನ್ನಾಗಿ ಆಗುತ್ತದಾ ಅಂತ ಆಶ್ಚರ್ಯ ಆಯಿತು.

ಇವೆರಡರಲ್ಲಿ ಅಸಲಿ ಯಾವುದು? ಇದು ಎಲ್ಲಿಂದ ಬಂತು, ಸ್ಟ್ರಾಬೆರಿ ಯಾವಾಗ ಸೇರಿತು? ಮನೆಯಲ್ಲಿ ಓಲ್ಡ್ ಮಾಂಕ್ ಕಪ್ಪು ರಮ್ ಇದೆ, ಅದರಲ್ಲಿ ಮಾಡಬಹುದಾ ಅಥವಾ ಬಿಳಿ ರಮ್ಮೇ ಬೇಕಾ? ಶೇಕರ್ ಇಲ್ಲ, ಸುಮ್ನೆ ದುಡ್ಡು ಹಾಕಿ ಸಾಮಾನು ಕೊಳ್ಳುವ ಮನಸ್ಸೂ ಇಲ್ಲ. ಮುಂದಿನ ಶನಿವಾರ ಗೆಳೆಯರು ಬರುತ್ತಾರೆ, ಎಂಟು ಜನ. ದಯವಿಟ್ಟು ಬಿಡಿಸಿ ಹೇಳಿ.

---

ಕಡಲಕರೆ_ಬಾರ್‌ಮನ್:

ಗೋವಾದಲ್ಲಿ ಕುಡಿದಿರಲ್ಲ, ಅದೇ ಡೈಕಿರಿ. ನಾನು ಮಂಗಳೂರಿನವನು, ಪ್ರವಾಸಿ ಹಡಗಿನ ಬಾರ್‌ನಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಹೊಸ ಹುಡುಗ ಕೆಲಸಕ್ಕೆ ಬಂದರೆ ನಮ್ಮ ಹಿರಿಯರು ಮೊದಲು ಮಾಡಿಸುತ್ತಿದ್ದದ್ದು ಇದನ್ನೇ. ಮೂರೇ ಸಾಮಾನು, ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ. ಅಳತೆ ತಪ್ಪಿದರೆ, ಐಸ್ ಕೆಟ್ಟದ್ದಾದರೆ, ರಸ ಹಳೆಯದಾದರೆ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ.

ಅಳತೆ: ಬಿಳಿ ರಮ್ 60 ಮಿ.ಲೀ., ನಿಂಬೆರಸ 22 ಮಿ.ಲೀ. ಹತ್ತಿರ, ಸಕ್ಕರೆ ಪಾಕ 15ರಿಂದ 20 ಮಿ.ಲೀ. ಪಾಕ ಅಂದರೆ ಜಾಮೂನಿನ ಹಾಗೆ ಎಳೆ ಬರಿಸುವುದು ಬೇಡ, ಸಮ ಸಮ ಸಕ್ಕರೆ ನೀರು ಬೆಚ್ಚಗೆ ಮಾಡಿ ಕರಗಿಸಿ ಆರಿಸಿದರೆ ಸಾಕು. ನೇರವಾಗಿ ಸಕ್ಕರೆಯನ್ನೇ ಹಾಕುವುದಾದರೆ ಮಿಕ್ಸಿಯಲ್ಲಿ ಪುಡಿ ಮಾಡಿ, ಐಸ್ ಹಾಕುವ ಮೊದಲು ನಿಂಬೆರಸದಲ್ಲೇ ಪೂರ್ತಿ ಕರಗಿಸಿಕೊಳ್ಳಿ. ರಮ್ ಬಿದ್ದ ಮೇಲೆ, ತಣ್ಣಗಾದ ಮೇಲೆ, ಸಕ್ಕರೆ ಕರಗಲು ಹಟ ಮಾಡುತ್ತದೆ, ಕೊನೆಗೆ ಗ್ಲಾಸಿನ ತಳದಲ್ಲಿ ಹರಳು ಸಿಗುತ್ತದೆ.

ದಯವಿಟ್ಟು ಕಣ್ಣಂದಾಜಿನಲ್ಲಿ ಹಾಕಬೇಡಿ. ನಿಂಬೆ 5 ಮಿ.ಲೀ. ಹೆಚ್ಚು ಕಮ್ಮಿ ಆದರೂ ರುಚಿಯೇ ಬೇರೆ. ಅಳೆಯಲು ಜಿಗ್ಗರ್ (ಬಾರ್‌ನ ಅಳತೆ ಕಪ್) ಬೇಕು ಅಂತಿಲ್ಲ. ಕೆಮ್ಮಿನ ಸಿರಪ್ ಬಾಟಲಿ ಮೇಲೆ ಗೆರೆ ಹಾಕಿದ ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಬರುತ್ತದಲ್ವಾ, ಅದನ್ನು ತೊಳೆದು ಇಟ್ಟುಕೊಳ್ಳಿ, 5, 10 ಅಂತ ಗೆರೆ ಇರುತ್ತದೆ. ಅದಕ್ಕಿಂತ ಸರಿಯಾದ ಅಳತೆ ನಿಮಗೆ ಅಂಗಡಿಯಲ್ಲೂ ಸಿಗಲಿಕ್ಕಿಲ್ಲ.

ಶೇಕರ್ ಬದಲು ಅಗಲ ಬಾಯಿಯ ಸ್ಟೀಲ್ ಬಾಟಲಿ ಆಗುತ್ತದೆ, ಮುಚ್ಚಳ ಬಿಗಿಯಾಗಿ ಕೂರಬೇಕು. ಗಾಜಿನ ಬಾಟಲಿ ಬೇಡ, ಐಸ್ ಬಡಿದು ಒಡೆದರೆ ಅಪಾಯ. ಇನ್ನು ಐಸ್. ಫ್ರೀಜರ್‌ನಿಂದ ಆಗ ತಾನೇ ತೆಗೆದ ಗಟ್ಟಿ, ಒಣ ತುಂಡು ಬೇಕು. ಹೊರಗೆ ಬಕೆಟ್‌ನಲ್ಲಿ ಇಟ್ಟು ನೀರು ಬಿಟ್ಟ ಐಸ್ ಹಾಕಿದರೆ ತಣ್ಣಗಾಗುವ ಮೊದಲೇ ನೀರಾಗುತ್ತದೆ. ಬಾಟಲಿಯ ಮುಕ್ಕಾಲು ಭಾಗ ಐಸ್ ತುಂಬಿ, ಹನ್ನೆರಡು ಸೆಕೆಂಡ್ ಜೋರಾಗಿ ಕುಲುಕಿ. ಮೆಲ್ಲಗೆ ಅಲ್ಲಾಡಿಸುವುದಲ್ಲ, ಐಸ್ ಈ ತುದಿಯಿಂದ ಆ ತುದಿಗೆ ಬಡಿಯಬೇಕು. ಬಾಟಲಿ ಹೊರಗೆ ಮಂಜು ಕಟ್ಟುತ್ತದೆ, ಕೈ ಕಚ್ಚುತ್ತದೆ, ಆಗ ನಿಲ್ಲಿಸಿ.

ಕುಲುಕುವುದು ತಣ್ಣಗೆ ಮಾಡಲು ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಐಸ್ ಕರಗಿ ಸೇರುವ ನೀರು ಈ ಕಾಕ್‌ಟೇಲಿನ ನಾಲ್ಕನೇ ಸಾಮಾನು. ಗ್ಲಾಸಿಗೆ ಬೀಳುವುದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಆ ನೀರೇ. ಅದು ಇಲ್ಲದಿದ್ದರೆ ರಮ್ ಗಂಟಲು ಸುಡುತ್ತದೆ, ನಿಂಬೆ ಚುಚ್ಚುತ್ತದೆ. ಜೊತೆಗೆ ಗಾಳಿ ಸೇರಿ ನೊರೆ ಬರುತ್ತದೆ. ಆಲ್ಕೋಹಾಲ್ ಇರುವುದರಿಂದ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಹೋಗುತ್ತದೆ, ಆದರೂ ಹೆಪ್ಪುಗಟ್ಟುವುದಿಲ್ಲ. ನಿಮ್ಮ ಹಲ್ಲು ಜುಮ್ ಅಂದದ್ದು ಅದಕ್ಕೇ.

ಟೀ ಸೋಸುವ ಜರಡಿಯಲ್ಲಿ ಸೋಸಿ, ಗ್ಲಾಸನ್ನು ಮೊದಲೇ ಫ್ರೀಜರ್‌ನಲ್ಲಿ ಇಟ್ಟಿರಿ. ಮಾಡಿದ ತಕ್ಷಣ ಕುಡಿಯಿರಿ. ಬೆಚ್ಚಗಾದ ಡೈಕಿರಿಯಲ್ಲಿ ಏನೂ ಉಳಿಯುವುದಿಲ್ಲ.

---

ಹಳೇಪುಟ:

ಮೇಲಿನವರು ಕೈಕೆಲಸ ಹೇಳಿದ್ದಾರೆ, ನಾನು ಕಥೆ ಹೇಳುತ್ತೇನೆ. ಇದರ ಇತಿಹಾಸ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದ ಆಗುತ್ತದೆ.

ಡೈಕಿರಿ ಅನ್ನುವುದು ಒಂದು ಊರು. ಕ್ಯೂಬಾದ ಪೂರ್ವ ತುದಿಯಲ್ಲಿ, ಸಾಂಟಿಯಾಗೊ ನಗರದ ಹತ್ತಿರ, ಸಮುದ್ರ ದಂಡೆ ಮತ್ತು ಕಬ್ಬಿಣದ ಗಣಿ ಇರುವ ಜಾಗ. 1898ರ ಜೂನ್‌ನಲ್ಲಿ ಸ್ಪೇನ್ ವಿರುದ್ಧದ ಯುದ್ಧದಲ್ಲಿ ಅಮೆರಿಕದ ಸೈನ್ಯ ಇಳಿದದ್ದು ಇದೇ ದಂಡೆಗೆ. ಆ ಕಾಲದಲ್ಲಿ ಗಣಿಯಲ್ಲಿ ಜೆನ್ನಿಂಗ್ಸ್ ಕಾಕ್ಸ್ ಅನ್ನುವ ಅಮೆರಿಕದ ಎಂಜಿನಿಯರ್ ಇದ್ದ. ಮನೆಗೆ ನೆಂಟರು ಬಂದಾಗ ಜಿನ್ ಮುಗಿದಿತ್ತು, ಕೈಗೆ ಸಿಕ್ಕ ಊರಿನ ರಮ್‌ಗೆ ನಿಂಬೆ, ಸಕ್ಕರೆ ಬೆರೆಸಿ ಕೊಟ್ಟ ಅನ್ನುವುದು ಎಲ್ಲರೂ ಹೇಳುವ ಕಥೆ. ಅವನ ಕೈಬರಹದ ಚೀಟಿ ಅಂತ ಒಂದು ಉಳಿದಿದೆ, ಆರು ಜನಕ್ಕೆ ಲೆಕ್ಕ: ಆರು ನಿಂಬೆಯ ರಸ, ಆರು ಚಮಚ ಸಕ್ಕರೆ, ಆರು ಕಪ್ ಬಕಾರ್ಡಿ ಕಾರ್ಟಾ ಬ್ಲಾಂಕಾ (ಬಕಾರ್ಡಿ ಕಂಪನಿಯ ಬಿಳಿ ರಮ್), ಎರಡು ಚಿಕ್ಕ ಕಪ್ ಮಿನರಲ್ ವಾಟರ್, ಪುಡಿ ಮಾಡಿದ ಐಸ್ ಧಾರಾಳವಾಗಿ. ನೋಡಿ, ಮೇಲಿನವರು ನಾಲ್ಕನೇ ಸಾಮಾನು ಅಂದ ನೀರು ಅದರಲ್ಲೂ ಇದೆ.

ಆದರೆ ಕಾಕ್ಸ್ ಇದನ್ನು ಕಂಡುಹಿಡಿದ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಬ್ಬು ಬೆಳೆಯುವ, ನಿಂಬೆ ಬೆಳೆಯುವ ದ್ವೀಪದಲ್ಲಿ ಅವೆರಡನ್ನೂ ರಮ್‌ಗೆ ಸೇರಿಸಲು ಜನ 1898ರ ತನಕ ಕಾಯುತ್ತಾರಾ? ಸ್ಪೇನ್ ವಿರುದ್ಧ ಹೋರಾಡಿದ ಕ್ಯೂಬಾದ ಜನ ಕಬ್ಬಿನ ಸಾರಾಯಿ, ನಿಂಬೆ, ಜೇನು ಬೆರೆಸಿ ಕುಡಿಯುತ್ತಿದ್ದರು. ಅದಕ್ಕೆ ಕಂಚಾಂಚರಾ ಅಂತ ಹೆಸರು, ಈಗಲೂ ಸಿಗುತ್ತದೆ. ಅದಕ್ಕೂ ಹಿಂದೆ ಹೋದರೆ ಬ್ರಿಟಿಷ್ ನೌಕಾಪಡೆ. 1740ರಲ್ಲಿ ಅಡ್ಮಿರಲ್ ಎಡ್ವರ್ಡ್ ವೆರ್ನನ್ ನಾವಿಕರ ರಮ್‌ಗೆ ನಾಲ್ಕು ಪಾಲು ನೀರು ಬೆರೆಸಿಯೇ ಕೊಡಬೇಕು ಅಂತ ಆಜ್ಞೆ ಮಾಡಿದ, ರುಚಿಗೆ ಸಕ್ಕರೆ, ನಿಂಬೆ ಸೇರಿಸಿಕೊಳ್ಳಬಹುದು ಅಂದ. ಅದೇ ಗ್ರಾಗ್. ರಮ್, ನಿಂಬೆ, ಸಕ್ಕರೆ, ನೀರು. ಕಾಕ್ಸ್‌ಗಿಂತ 150 ವರ್ಷ ಹಿಂದೆ! ಇನ್ನೂ ಹಿಂದಕ್ಕೆ ಹೋದರೆ 1600ರ ದಶಕಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನಮ್ಮ ದೇಶದ ಕರಾವಳಿಯ ಕೋಠಿಗಳಲ್ಲಿ ಕುಡಿಯುತ್ತಿದ್ದ ಪಂಚ್ ಸಿಗುತ್ತದೆ. ಇಲ್ಲಿನ ಸಾರಾಯಿ, ಇಲ್ಲಿನ ನಿಂಬೆ, ಇಲ್ಲಿನ ಸಕ್ಕರೆ. 1632ರ ಒಂದು ಕಾಗದದಲ್ಲೇ ಅದರ ಪ್ರಸ್ತಾಪ ಇದೆ.

ಹಾಗಾದರೆ ಡೈಕಿರಿಯಲ್ಲಿ ಹೊಸತೇನು ಅಂದರೆ ರಮ್ ಮತ್ತು ಐಸ್. ಹಳೆಯ ರಮ್ ಒರಟು, ಕಾಕಂಬಿಯ ಗಾಢ ವಾಸನೆ. 1862ರಲ್ಲಿ ಸಾಂಟಿಯಾಗೊದಲ್ಲಿ ಫಕುಂಡೊ ಬಕಾರ್ಡಿ ಭಟ್ಟಿ ಶುರು ಮಾಡಿ, ರಮ್ಮನ್ನು ಇದ್ದಿಲಿನಲ್ಲಿ ಸೋಸಿ, ಪೀಪಾಯಿಯಲ್ಲಿಟ್ಟು ಹಗುರ ಮಾಡಿದ. ಆ ಹಗುರವಾದ ರಮ್ ಇದ್ದದ್ದರಿಂದ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಶುದ್ಧ ರುಚಿ ಬಂತು.

1909ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಲೂಸಿಯಸ್ ಜಾನ್ಸನ್ ಇದನ್ನು ಕ್ಯೂಬಾದಲ್ಲಿ ಕುಡಿದು, ವಾಷಿಂಗ್ಟನ್ನಿನ ಆರ್ಮಿ ಅಂಡ್ ನೇವಿ ಕ್ಲಬ್‌ಗೆ ತಂದ ಅನ್ನುತ್ತಾರೆ. ಆ ಕ್ಲಬ್‌ನಲ್ಲಿ ಇವತ್ತಿಗೂ ಡೈಕಿರಿ ಹೆಸರಿನ ಕೋಣೆ ಇದೆ. ಆದರೆ ನಿಜವಾಗಿ ಇದನ್ನು ಬೆಳೆಸಿದ್ದು ಅಮೆರಿಕದ ಪಾನನಿಷೇಧ. 1920ರಿಂದ 1933ರವರೆಗೆ ಅಲ್ಲಿ ಮದ್ಯ ಮಾರುವಂತಿಲ್ಲ, ಫ್ಲಾರಿಡಾದ ತುದಿ ಕೀ ವೆಸ್ಟ್‌ನಿಂದ ಕ್ಯೂಬಾಗೆ ಸುಮಾರು 145 ಕಿ.ಮೀ. ಅಷ್ಟೇ. ದುಡ್ಡಿದ್ದವರು ಹಡಗು ಹತ್ತಿ ಹವಾನಾಗೆ ಹೋಗಿ ಕುಡಿದು ಬಂದರು, ಬಾಯಲ್ಲಿ ರುಚಿ ಉಳಿಯಿತು.

---

ಟೊರಾಂಟೊ_ಕನ್ನಡಿಗ:

ಹಳೇಪುಟ ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಐಸ್ ಪುಡಿ ಹಾಕಿದ್ದೆಲ್ಲ ನಕಲಿ ಅನ್ನುವ ಅರ್ಥ ಓದುಗರಿಗೆ ಬರಬಾರದು. ಕೆನಡಾದಿಂದ ಕ್ಯೂಬಾಗೆ ರಜೆಗೆ ಹೋಗುವುದು ಇಲ್ಲಿ ಮಾಮೂಲು, ನಾವೂ ಹೋಗಿದ್ದೆವು. ಹವಾನಾದ ಎಲ್ ಫ್ಲೊರಿಡಿಟಾ ಬಾರ್‌ನಲ್ಲಿ ಡೈಕಿರಿ ಕೇಳಿದರೆ ಬರುವುದು ಮಿಕ್ಸಿಯಲ್ಲಿ ತಿರುವಿದ ಐಸಿನದೇ. ಉದ್ದನೆಯ ಮರದ ಕೌಂಟರ್, ಕೆಂಪು ಕೋಟಿನ ಬಾರ್‌ಮನ್‌ಗಳು, ಸಾಲಾಗಿ ಗ್ಲಾಸ್ ಜೋಡಿಸಿ ಒಂದೇ ಸಲಕ್ಕೆ ಸುರಿಯುತ್ತಾ ಹೋಗುತ್ತಾರೆ. ಮಿಕ್ಸಿ ಸದ್ದು ನಿಲ್ಲುವುದೇ ಇಲ್ಲ. ಐಸ್ ಎಷ್ಟು ನುಣ್ಣಗೆ ಇರುತ್ತದೆ ಅಂದರೆ ನಾಲಗೆಗೆ ಹರಳು ಸಿಗುವುದಿಲ್ಲ, ಮಾರಸ್ಕಿನೊ ಅನ್ನುವ ಚೆರ್ರಿ ಮದ್ಯ ಒಂದೆರಡು ಹನಿ, ನಿಂಬೆ ಚುರುಕಾಗಿ ಗೊತ್ತಾಗುತ್ತದೆ.

ಇದನ್ನು ಮಾಡಿದವನು ಕಾನ್‌ಸ್ಟಾಂಟಿನೊ ರಿಬಾಲೈಗುವಾ. ಕ್ಯಾಟಲೋನಿಯಾದಿಂದ ಬಂದವನು, ಅದೇ ಬಾರ್‌ನಲ್ಲಿ ಕೆಲಸಕ್ಕೆ ಸೇರಿ ಮಾಲೀಕನೇ ಆದ, 1952ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದ. ಒಂದೇ ಡೈಕಿರಿಯನ್ನು ಬೇರೆ ಬೇರೆ ರೀತಿ ಮಾಡಿ ನಂಬರ್ ಕೊಟ್ಟಿದ್ದ. ಅಮೆರಿಕದ ಲೇಖಕ ಹೆಮಿಂಗ್‌ವೇ ಅಲ್ಲಿ ಕಾಯಂ ಗಿರಾಕಿ. ಅವನಿಗೆ ಸಕ್ಕರೆ ಬೇಡ, ರಮ್ ಡಬಲ್, ಜೊತೆಗೆ ಗ್ರೇಪ್‌ಫ್ರೂಟ್ ರಸ ಮತ್ತು ಮಾರಸ್ಕಿನೊ. ಕೌಂಟರಿನ ಮೂಲೆಯಲ್ಲಿ ಅವನ ಕಂಚಿನ ಪ್ರತಿಮೆ ಒರಗಿ ನಿಂತಿದೆ, ಜನ ಸಾಲಾಗಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಆದ್ದರಿಂದ ತಪ್ಪು ಮಿಕ್ಸಿಯದಲ್ಲ. ಆಮೇಲೆ ಬಂದವರು ತಾಜಾ ನಿಂಬೆ ಬಿಟ್ಟು ಪುಡಿ, ರೆಡಿಮೇಡ್ ಮಿಕ್ಸ್, ಬಣ್ಣದ ಸಿರಪ್ ಹಾಕಿದರಲ್ಲ, ಅಲ್ಲಿ ಕೆಟ್ಟಿತು. ಸ್ಟ್ರಾಬೆರಿ ಹಣ್ಣನ್ನೇ ಹಾಕಿ, ನಿಂಬೆಯನ್ನೂ ಸರಿಯಾಗಿ ಹಿಂಡಿ ಮಾಡಿದರೆ ಅದೂ ಒಳ್ಳೆಯದೇ. ನಿಮಗೆ ಪಬ್‌ನಲ್ಲಿ ಕೊಟ್ಟದ್ದರಲ್ಲಿ ಎರಡೂ ಇರಲಿಲ್ಲ.

---

ಇಂಡಿ_ತೋಟದವ:

ಎಲ್ಲರೂ ರಮ್ ಬಗ್ಗೆ ಮಾತಾಡುತ್ತಿದ್ದೀರಿ, ಲಿಂಬೆ ಬಗ್ಗೆ ಯಾರೂ ಹೇಳುತ್ತಿಲ್ಲ. ನಮ್ಮದು ವಿಜಯಪುರ ಜಿಲ್ಲೆ ಇಂಡಿ ಕಡೆ, ಮನೆಯಲ್ಲಿ ಲಿಂಬೆ ತೋಟ ಇದೆ, ಅದಕ್ಕೇ ಬರೆಯುತ್ತಿದ್ದೇನೆ ರೀ.

ಅಮೆರಿಕ, ಯುರೋಪಿನ ಬಾರ್‌ಗಳಲ್ಲಿ ಈಗ ಬಳಸುವುದು ಹೆಚ್ಚಾಗಿ ಪರ್ಷಿಯನ್ ಲೈಮ್. ದೊಡ್ಡದು, ದಪ್ಪ ಸಿಪ್ಪೆ, ಬೀಜ ಇಲ್ಲ, ದೂರ ಸಾಗಿಸಲು ಅನುಕೂಲ. ಆದರೆ ಕ್ಯೂಬಾ, ಮೆಕ್ಸಿಕೊ ಕಡೆಯ ಹಳೆಯ ಲಿಂಬೆ ಅದಲ್ಲ. ಚಿಕ್ಕದು, ದುಂಡಗೆ, ತೆಳು ಸಿಪ್ಪೆ, ಒಳಗೆ ಬೀಜ, ಹುಳಿ ಜಾಸ್ತಿ, ಘಮ ಜಾಸ್ತಿ. ಅಮೆರಿಕದವರು ಕೀ ಲೈಮ್ ಅನ್ನುವುದು ಇದಕ್ಕೇ. ಫ್ಲಾರಿಡಾದಲ್ಲೂ ಇದರ ತೋಟಗಳಿದ್ದವು, 1926ರ ಚಂಡಮಾರುತದಲ್ಲಿ ಹಾಳಾದ ಮೇಲೆ ಅಲ್ಲಿನ ರೈತರು ಪರ್ಷಿಯನ್ ಲೈಮ್‌ಗೆ ಹೋದರು.

ಈಗ ಕೇಳಿ: ಆ ಕೀ ಲೈಮ್ ಮತ್ತು ನಮ್ಮ ಸಂತೆಯಲ್ಲಿ ಸಿಗುವ ಕಾಗ್ಜಿ ಲಿಂಬೆ ಒಂದೇ ಜಾತಿ! ಇಂಡಿ ಲಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆಯಲ್ಲ, ಅದೂ ಇದೇ ಗುಂಪಿನದು. ಏಷ್ಯಾದ ಗಿಡ ಅರಬರ ಕೈಯಿಂದ ಸ್ಪೇನ್‌ಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಕೆರಿಬಿಯನ್‌ಗೆ ಹೋಯಿತು. ಕಬ್ಬೂ ಹಾಗೇ, 1493ರಲ್ಲಿ ಕೊಲಂಬಸ್ ಎರಡನೇ ಸಲ ಹೋದಾಗ ತೆಗೆದುಕೊಂಡು ಹೋದ. ಕ್ಯೂಬಾದವರ ಗ್ಲಾಸಿನಲ್ಲಿ ಇರುವ ಹುಳಿ, ಸಿಹಿ ಎರಡೂ ನಮ್ಮ ಕಡೆಯಿಂದ ಹೋದದ್ದು. ಲಂಡನ್ನಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಸುಲಭವಾಗಿ ಸಿಗದ ಹಣ್ಣು ನಮ್ಮಲ್ಲಿ ತಳ್ಳುಗಾಡಿಯಲ್ಲಿ ಸಿಗುತ್ತದೆ. ಬಾಟಲಿಯ ರಸ ತರುವ ಮಾತೇ ಬೇಡ.

ಹಣ್ಣು ಆರಿಸುವಾಗ ಕಡು ಹಸಿರು, ಗಟ್ಟಿ ಕಾಯಿ ಬಿಡಿ. ಹಳದಿಗೆ ತಿರುಗುತ್ತಿರಬೇಕು, ಸಿಪ್ಪೆ ನುಣುಪಾಗಿ ಹೊಳೆಯಬೇಕು, ಒತ್ತಿದರೆ ಸ್ವಲ್ಪ ಬಗ್ಗಬೇಕು, ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಫ್ರಿಜ್‌ನಿಂದ ತೆಗೆದ ಕೂಡಲೇ ಹಿಂಡಬೇಡಿ, ರಸ ಬಿಡುವುದಿಲ್ಲ. ಹೊರಗಿಟ್ಟು, ಕಟ್ಟೆ ಮೇಲೆ ಅಂಗೈಯಲ್ಲಿ ಉರುಳಿಸಿ ಆಮೇಲೆ ಕೊಯ್ಯಿರಿ. ತೀರಾ ಒತ್ತಿ ಹಿಂಡಿದರೆ ಸಿಪ್ಪೆಯ ಕಹಿ ಬರುತ್ತದೆ. ನಮ್ಮ ಹಣ್ಣಿನ ಹುಳಿ ಹೆಚ್ಚು, ಹಾಗಾಗಿ ಪುಸ್ತಕದ ಅಳತೆಗಿಂತ ರಸ ಒಂಚೂರು ಕಮ್ಮಿ, 20 ಮಿ.ಲೀ. ಇಂದ ಶುರು ಮಾಡಿ ರುಚಿ ನೋಡಿ.

---

ಮೈಸೂರು_ಮಳೆ:

ಓಲ್ಡ್ ಮಾಂಕ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಅಭಿಪ್ರಾಯ: ಮೊದಲ ಸಲ ಬೇಡ. ಅದರ ವೆನಿಲ್ಲಾ ವಾಸನೆ, ಸಿಹಿ ಎಲ್ಲ ಸೇರಿ ನಿಂಬೆಯನ್ನು ಮುಚ್ಚಿಬಿಡುತ್ತದೆ. ಬಿಳಿ ರಮ್‌ನಲ್ಲಿ ಅಸಲಿ ರುಚಿ ತಿಳಿದುಕೊಂಡ ಮೇಲೆ ಓಲ್ಡ್ ಮಾಂಕ್‌ನಲ್ಲಿ ಮಾಡಿ, ಆಗ ಸಕ್ಕರೆ ಪಾಕದ ಬದಲು ಬೆಲ್ಲದ ಪಾಕ ಹಾಕಿ, ಅದನ್ನೂ ಕಮ್ಮಿ. ಅದು ಡೈಕಿರಿಗಿಂತ ಬೇರೆಯೇ ಆದ ಒಂದು ಪಾನೀಯ, ಮಳೆಗಾಲಕ್ಕೆ ಬಹಳ ಚೆನ್ನ. ಕೊಡಗಿನ ಜೇನು ಹಾಕಿದರೆ ಹಳೇಪುಟ ಹೇಳಿದ ಕಂಚಾಂಚರಾ ಹತ್ತಿರಕ್ಕೆ ಹೋಗುತ್ತದೆ.

ಬಿಳಿ ರಮ್ ದುಬಾರಿ ಫಾರಿನ್ ಬಾಟಲಿಯೇ ಆಗಬೇಕಿಲ್ಲ. ಬಕಾರ್ಡಿಯವರೇ 1990ರ ದಶಕದಲ್ಲಿ ಭಾರತಕ್ಕೆ ಬಂದಾಗ ಇಲ್ಲೇ ನಂಜನಗೂಡಿನಲ್ಲಿ ಕಾರ್ಖಾನೆ ಮಾಡಿದರು. ಅವರ ಕ್ಯೂಬಾದ ಆಸ್ತಿಯನ್ನು 1960ರಲ್ಲೇ ಅಲ್ಲಿನ ಸರ್ಕಾರ ವಶ ಮಾಡಿಕೊಂಡಿತ್ತು, ಆ ಮೇಲೆ ಕುಟುಂಬ ದೇಶ ಬಿಟ್ಟು ಹೊರಗಿನಿಂದಲೇ ವ್ಯಾಪಾರ ನಡೆಸಿತು. ಹಾಗಾಗಿ ಕಾಕ್ಸ್ ಬಳಸಿದ ಸಾಂಟಿಯಾಗೊದ ಕಾರ್ಟಾ ಬ್ಲಾಂಕಾ ಇವತ್ತು ಯಾರಿಗೂ ಸಿಗುವುದಿಲ್ಲ, ಅದಕ್ಕಾಗಿ ಕೊರಗುವುದೂ ಬೇಡ. ಸುವಾಸನೆ ಸೇರಿಸದ ಸಾದಾ ಬಿಳಿ ರಮ್ ತನ್ನಿ, ಸಾಕು. ಲೆಮನ್, ಆಪಲ್ ಅಂತ ಲೇಬಲ್ ಇರುವುದನ್ನು ಮುಟ್ಟಬೇಡಿ.

---

ಸಂಜೆಗಾಳಿ_ಬೆಂಗಳೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ನಿಂಬೆ ವಿಷಯ ಓದಿ ಬಹಳ ಖುಷಿಯಾಯಿತು. ಇನ್ನೆರಡು ಕೇಳಲಾ? ಎಂಟು ಜನಕ್ಕೆ ಒಂದೊಂದೇ ಕುಲುಕುತ್ತಾ ನಿಂತರೆ ನಾನು ಅಡುಗೆಮನೆಯಲ್ಲೇ ಇರಬೇಕಾಗುತ್ತದೆ. ಬೆಳಿಗ್ಗೆಯೇ ಜಗ್‌ನಲ್ಲಿ ಮಾಡಿಟ್ಟರೆ ಆಗುತ್ತದಾ? ಇಬ್ಬರು ಕುಡಿಯುವುದಿಲ್ಲ, ಅವರಿಗೆ ಏನು ಕೊಡಲಿ?

---

ಕಡಲಕರೆ_ಬಾರ್‌ಮನ್:

ಬೆಳಿಗ್ಗೆಯೇ ನಿಂಬೆ ಬೆರೆಸಬೇಡಿ. ಹಿಂಡಿದ ರಸ ಕೆಲವು ಗಂಟೆಯಲ್ಲೇ ತನ್ನ ಚುರುಕು ಕಳೆದುಕೊಳ್ಳುತ್ತದೆ, ಸಂಜೆಗೆ ಮಂಕು ಹುಳಿ ಆಗಿರುತ್ತದೆ. ರಮ್ ಮತ್ತು ಪಾಕಕ್ಕೆ ಆ ತೊಂದರೆ ಇಲ್ಲ. ಕುಡಿಯುವವರು ಆರು ಜನ ಅಂದರೆ ರಮ್ 360 ಮಿ.ಲೀ., ಪಾಕ 100 ಮಿ.ಲೀ., ಎರಡನ್ನೂ ಹಿಂದಿನ ರಾತ್ರಿಯೇ ಬಾಟಲಿಯಲ್ಲಿ ಬೆರೆಸಿ ಫ್ರೀಜರ್‌ನಲ್ಲಿ ಇಡಿ, ಗಟ್ಟಿಯಾಗುವುದಿಲ್ಲ. ನೆಂಟರು ಬರುವ ಅರ್ಧ ಗಂಟೆ ಮೊದಲು ನಿಂಬೆ ಹಿಂಡಿ, ಸೋಸಿ, ಬೇರೆ ಲೋಟದಲ್ಲಿ ಇಟ್ಟುಕೊಳ್ಳಿ. ಆಮೇಲೆ ಒಂದು ಸಲಕ್ಕೆ ಇಬ್ಬರದು: ರಮ್ ಮಿಶ್ರಣ 150 ಮಿ.ಲೀ. ಹಾಕಿ, ನಿಂಬೆರಸ 40 ಮಿ.ಲೀ., ಐಸ್, ಕುಲುಕಿ, ಎರಡು ಗ್ಲಾಸಿಗೆ ಸೋಸಿ. ಮಿಶ್ರಣ ಮೊದಲೇ ತಣ್ಣಗಿರುವುದರಿಂದ ಐಸ್ ಬೇಗ ಕರಗುವುದಿಲ್ಲ, ಆದ್ದರಿಂದ ಒಂದು ಚಮಚ ತಣ್ಣೀರು ಸೇರಿಸಿ, ನಾಲ್ಕೈದು ಸೆಕೆಂಡ್ ಜಾಸ್ತಿ ಕುಲುಕಿ. ಮೂರು ಸಲ ಮಾಡಿದರೆ ಎಲ್ಲರಿಗೂ ಆಯಿತು, ಐದು ನಿಮಿಷದ ಕೆಲಸ.

ಕುಡಿಯದವರಿಗೂ ಅದೇ ಕಾಲುಗ್ಲಾಸ್ ಕೊಡಿ, ಪ್ಲಾಸ್ಟಿಕ್ ಲೋಟದಲ್ಲಿ ಜ್ಯೂಸ್ ಕೊಟ್ಟು ಕೂರಿಸಬೇಡಿ. ಕಬ್ಬಿನ ಹಾಲು ತಾಜಾ ಸಿಕ್ಕರೆ 90 ಮಿ.ಲೀ.ಗೆ 20 ಮಿ.ಲೀ. ನಿಂಬೆರಸ ಹಾಕಿ ಐಸ್ ಜೊತೆ ಕುಲುಕಿ ಸೋಸಿ, ಬೇರೆ ಸಿಹಿ ಬೇಡ. ಕಬ್ಬಿನ ಗಾಡಿಯವನಿಗೆ ಶುಂಠಿ, ನಿಂಬೆ ಹಾಕಬೇಡ ಅಂತ ಮೊದಲೇ ಹೇಳಿ, ಹಾಲನ್ನು ಶನಿವಾರ ಸಂಜೆಯೇ ತನ್ನಿ. ಬೆಳಿಗ್ಗೆ ತಂದರೆ ಕಪ್ಪಾಗಿ ಹುಳಿ ಬಂದಿರುತ್ತದೆ. ಮತ್ತೆ ಆ ದಿನ ಗಾಡಿ ಓಡಿಸಿ ಬರುವವರಿಗೆ ವಾಪಸ್ ಹೋಗಲು ಕ್ಯಾಬ್ ಮಾಡಿಕೊಡಿ. ಇದು ಸಲೀಸಾಗಿ ಇಳಿಯುತ್ತದೆ, ಒಂದರಲ್ಲೇ ದೊಡ್ಡ ಪೆಗ್ ಇದೆ ಅಂತ ಕುಡಿಯುವಾಗ ಗೊತ್ತಾಗುವುದಿಲ್ಲ.